ಒಂದೇ ವರ್ಷ 37 ಹೋಮ್ ರನ್ ಹೊಡೆದ ಇಬ್ಬರು: ಒಬ್ಬನಿಗೆ ಪ್ರಶಸ್ತಿ, ರಾಲ್ಫ್ ಕೈನರ್‌ಗೆ ಸಂಬಳ ಕಡಿತ

1952ರಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ಎಂಬ ಬೇಸ್‌ಬಾಲ್ ತಂಡ 154 ಪಂದ್ಯ ಆಡಿ 112 ಸೋತಿತು. ಗೆದ್ದದ್ದು ಬರೀ 42. ಅಮೆರಿಕದ ಮೇಜರ್ ಲೀಗ್ ಕಂಡ ತೀರಾ ಕಳಪೆ ತಂಡಗಳ ಪಟ್ಟಿ ಯಾರೇ ಮಾಡಿದರೂ ಅದರಲ್ಲಿ ಈ ತಂಡ ಇದ್ದೇ ಇರುತ್ತದೆ. ಅದೇ ವರ್ಷ, ಅದೇ ತಂಡದಲ್ಲಿ ಆಡುತ್ತಿದ್ದ ರಾಲ್ಫ್ ಕೈನರ್ 37 ಹೋಮ್ ರನ್ ಹೊಡೆದು ಮೇಜರ್ ಲೀಗ್‌ನ ಎರಡು ಭಾಗಗಳಲ್ಲಿ ಒಂದಾದ ನ್ಯಾಷನಲ್ ಲೀಗ್‌ನಲ್ಲಿ ಮೊದಲ ಸ್ಥಾನ ಹಂಚಿಕೊಂಡ. ಹಾಗೆ ಮೊದಲ ಸ್ಥಾನಕ್ಕೆ ಬಂದದ್ದು ಸತತವಾಗಿ ಏಳನೇ ವರ್ಷ. ಹೋಮ್ ರನ್‌ಗೆ ಎಲ್ಲರಿಗಿಂತ ಹೆಸರಾದ ಬೇಬ್ ರೂತ್ ಕೂಡ ಸತತ ಆರು ವರ್ಷಕ್ಕೆ ನಿಂತಿದ್ದ. ಈ ದಾಖಲೆಯನ್ನು ಇವತ್ತಿನವರೆಗೂ ಯಾರೂ ಮುರಿದಿಲ್ಲ.

ಇಷ್ಟಾದ ಮೇಲೆ ಸಂಬಳ ಜಾಸ್ತಿ ಆಗಬೇಕು ಅಲ್ವಾ? ಆಗಲಿಲ್ಲ. 90,000 ಡಾಲರ್ ಇದ್ದದ್ದು 75,000ದ ಆಸುಪಾಸಿಗೆ ಇಳಿಯಿತು. ಕೇಳಲು ಹೋದಾಗ ತಂಡದ ಜನರಲ್ ಮ್ಯಾನೇಜರ್ ಬ್ರಾಂಚ್ ರಿಕಿ ಕೊಟ್ಟ ಉತ್ತರವನ್ನು ಕೈನರ್ ಮುಂದೆ ಜೀವನವಿಡೀ ಹೇಳಿಕೊಂಡು ನಗುತ್ತಿದ್ದ: ನೀನು ಇದ್ದಾಗಲೂ ಕೊನೆಗೆ ಬಂದೆವು, ನೀನು ಇಲ್ಲದಿದ್ದರೂ ಕೊನೆಗೇ ಬರಬಹುದು.

ಮಾತು ಮಜವಾಗಿದೆ. ಆದರೆ ಸರಿಯಾಗಿದೆಯಾ? ನನ್ನ ಉತ್ತರ: ರಿಕಿ ತಂಡದ ಬಗ್ಗೆ ಹೇಳಿದ್ದು ಸರಿ, ಕೈನರ್ ಬಗ್ಗೆ ಹೇಳಿದ್ದು ತಪ್ಪು. ಯಾಕೆ ಅಂತ ತಿಳಿಯಬೇಕಾದರೆ ಬೇಸ್‌ಬಾಲ್‌ನಲ್ಲಿ ದೊಡ್ಡ ಹೊಡೆತದ ಆಟಗಾರನನ್ನು ಹೇಗೆ ಅಳೆಯುತ್ತಾರೆ ಅನ್ನೋದನ್ನು ಸ್ವಲ್ಪ ನೋಡಬೇಕು. ಕೈನರ್ ಕತೆ ಅದಕ್ಕೆ ಒಳ್ಳೆಯ ಉದಾಹರಣೆ.

ಮೊದಲು ಹೋಮ್ ರನ್. ನಮ್ಮಲ್ಲಿ ಇದನ್ನು ಸಿಕ್ಸರ್ ಅಂದುಕೊಂಡುಬಿಡುತ್ತೇವೆ. ಬೇಲಿ ದಾಟಿಸಿ ಹೊಡೆಯೋದು ಎರಡೂ ಕಡೆ ಒಂದೇ, ಬೆಲೆ ಮಾತ್ರ ಬೇರೆ. ಟಿ20 ಪಂದ್ಯದಲ್ಲಿ ಒಂದು ತಂಡ 180 ರನ್ ಹೊಡೆದರೆ ಅದರಲ್ಲಿ ಒಂದು ಸಿಕ್ಸರ್ ಮೂವತ್ತರಲ್ಲಿ ಒಂದು ಭಾಗ. ಬೇಸ್‌ಬಾಲ್‌ನಲ್ಲಿ ಒಂದು ತಂಡ ಇಡೀ ಪಂದ್ಯದಲ್ಲಿ ಗಳಿಸೋದೇ ಸಾಮಾನ್ಯವಾಗಿ ನಾಲ್ಕೋ ಐದೋ ರನ್. ಒಬ್ಬ ಆಟಗಾರನಿಗೆ ಪಂದ್ಯಕ್ಕೆ ಸಾಮಾನ್ಯವಾಗಿ ನಾಲ್ಕೋ ಐದೋ ಸಲ ಬ್ಯಾಟ್ ಹಿಡಿಯುವ ಅವಕಾಶ ಸಿಗುತ್ತದೆ. ಮೂರು ಬೇಸ್ ದಾಟಿ ವಾಪಸ್ ಹೊರಟ ಜಾಗಕ್ಕೆ, ಅಂದರೆ ಮನೆಗೆ, ಬಂದರೆ ಒಂದು ರನ್. ಹೋಮ್ ರನ್ ಹೊಡೆದರೆ ಅವನೂ ಮನೆ ಸೇರುತ್ತಾನೆ, ಆಗಲೇ ಬೇಸ್‌ಗಳ ಮೇಲೆ ನಿಂತಿದ್ದವರೂ ಸೇರುತ್ತಾರೆ. ಅಂದರೆ ಒಂದೇ ಹೊಡೆತಕ್ಕೆ ಒಂದರಿಂದ ನಾಲ್ಕು ರನ್. ಹಾಗಾಗಿ ಒಂದು ಹೋಮ್ ರನ್ ಎಷ್ಟೋ ಸಲ ಇಡೀ ಪಂದ್ಯವನ್ನೇ ತಿರುಗಿಸಿಬಿಡುತ್ತದೆ.

ಇನ್ನು ಮನುಷ್ಯನ ಕತೆಗೆ ಬರೋಣ. ಕೈನರ್ ಹುಟ್ಟಿದ್ದು 1922ರಲ್ಲಿ, ನ್ಯೂ ಮೆಕ್ಸಿಕೋದ ಸಾಂತಾ ರೀಟಾ ಎಂಬ ಗಣಿ ಊರಿನಲ್ಲಿ. ಚಿಕ್ಕವನಿದ್ದಾಗಲೇ ಅಪ್ಪ ತೀರಿಕೊಂಡ. ನರ್ಸ್ ಕೆಲಸ ಮಾಡುತ್ತಿದ್ದ ಅಮ್ಮ ಕ್ಯಾಲಿಫೋರ್ನಿಯಾದ ಅಲ್ಹಾಂಬ್ರಾದಲ್ಲಿ ಬೆಳೆಸಿದಳು. ಪೈರೇಟ್ಸ್ ಅವನನ್ನು ಸಹಿ ಹಾಕಿಸಿಕೊಂಡು ಸಣ್ಣ ಲೀಗ್‌ಗಳಲ್ಲಿ ಆಡಿಸಿತು. ಅಷ್ಟರಲ್ಲಿ ಎರಡನೇ ಮಹಾಯುದ್ಧ. ನೌಕಾಪಡೆಯ ಪೈಲಟ್ ಆಗಿ ಪೆಸಿಫಿಕ್ ಸಾಗರದ ಮೇಲೆ ಜಲಾಂತರ್ಗಾಮಿ ಹುಡುಕುವ ಗಸ್ತು ವಿಮಾನ ಹಾರಿಸಿದ. ಯುದ್ಧ ಮುಗಿಸಿ ಬಂದು 1946ರಲ್ಲಿ ಮೇಜರ್ ಲೀಗ್‌ಗೆ ಕಾಲಿಟ್ಟ. ಮೊದಲ ವರ್ಷವೇ 23 ಹೋಮ್ ರನ್, ಲೀಗ್‌ನಲ್ಲೇ ಹೆಚ್ಚು. ಅದರ ಜೊತೆಗೆ 109 ಸ್ಟ್ರೈಕ್ ಔಟ್ (ಮೂರು ಸಲ ಸರಿಯಾಗಿ ಹೊಡೆಯಲಾಗದೆ ಔಟ್ ಆಗೋದು), ಅದೂ ಲೀಗ್‌ನಲ್ಲೇ ಹೆಚ್ಚು! ಹೊಡೆದರೆ ಬೇಲಿಯಾಚೆ, ತಪ್ಪಿದರೆ ಗಾಳಿಗೆ. ಇಂಥವರು ಎಷ್ಟೋ ಜನ ಬಂದು ಎರಡೇ ವರ್ಷದಲ್ಲಿ ಮಾಯವಾಗಿದ್ದಾರೆ.

ಕೈನರ್ ಮಾಯವಾಗದೆ ಉಳಿದದ್ದಕ್ಕೆ ದೊಡ್ಡ ಕಾರಣ ಹ್ಯಾಂಕ್ ಗ್ರೀನ್‌ಬರ್ಗ್. ಡೆಟ್ರಾಯಿಟ್ ಟೈಗರ್ಸ್ ತಂಡದ ದೊಡ್ಡ ಹೆಸರು, 1938ರಲ್ಲಿ ಒಂದೇ ಸೀಸನ್‌ಗೆ 58 ಹೋಮ್ ರನ್ ಹೊಡೆದವನು. 1947ರ ಶುರುವಿನಲ್ಲಿ ಪೈರೇಟ್ಸ್ ಅವನನ್ನು ಕೊಂಡುಕೊಂಡಿತು. ಅವನಿಗೆ ವಯಸ್ಸಾಗಿತ್ತು, ಬರಲು ಮನಸ್ಸಿರಲಿಲ್ಲ. ಒಪ್ಪಿಸಲು ತಂಡ ಭಾರಿ ಸಂಬಳ ಕೊಟ್ಟಿತು, ಅದು ಸಾಲದು ಅಂತ ತನ್ನ ಮೈದಾನವನ್ನೇ ಚಿಕ್ಕದು ಮಾಡಿತು. ಫೋರ್ಬ್ಸ್ ಫೀಲ್ಡ್ ಎಂಬ ಆ ಮೈದಾನದಲ್ಲಿ ಎಡಗಡೆಯ ಗೋಡೆ 365 ಅಡಿ ದೂರ ಇತ್ತು. ಬಲಗೈ ಬ್ಯಾಟರ್‌ನ ದೊಡ್ಡ ಹೊಡೆತಗಳು ಹೆಚ್ಚಾಗಿ ಹೋಗೋದು ಎಡಗಡೆಗೇ. ಗೋಡೆಯ ಮುಂದೆ 335 ಅಡಿಯಲ್ಲಿ ಹೊಸ ಬೇಲಿ ಹಾಕಿ, ನಡುವಿನ 30 ಅಡಿ ಜಾಗವನ್ನು ಬಾಲ್ ಎಸೆಯುವ ಪಿಚರ್‌ಗಳು ಕೈ ಬೆಚ್ಚಗೆ ಮಾಡಿಕೊಳ್ಳಲು ಬಿಟ್ಟರು. ಜನ ಅದಕ್ಕೆ ಗ್ರೀನ್‌ಬರ್ಗ್ ಗಾರ್ಡನ್ಸ್ ಅಂತ ಹೆಸರಿಟ್ಟರು.

ಗ್ರೀನ್‌ಬರ್ಗ್ ಆಡಿದ್ದು ಅದೊಂದೇ ವರ್ಷ, ಹೊಡೆದದ್ದು 25. ಆದರೆ ಬೇಲಿಗಿಂತ ಹೆಚ್ಚು ಕೆಲಸಕ್ಕೆ ಬಂದದ್ದು ಅವನ ಪಾಠ. ತಂಡ ಬೇರೆ ಊರಿಗೆ ಹೋದಾಗ ಇಬ್ಬರಿಗೂ ಒಂದೇ ರೂಮ್. ಪಂದ್ಯ ಮುಗಿದ ಮೇಲೂ ಕೈನರ್‌ನನ್ನು ನಿಲ್ಲಿಸಿಕೊಂಡು ಅಭ್ಯಾಸ ಮಾಡಿಸುತ್ತಿದ್ದ. ಬ್ಯಾಟರ್ ಪಕ್ಕದಲ್ಲಿ ನೆಲದ ಮೇಲಿರುವ ಪ್ಲೇಟ್‌ಗೆ ಇನ್ನೂ ಹತ್ತಿರ ನಿಲ್ಲು ಅಂದ. ಹಾಗೆ ನಿಂತರೆ ಹೊರಗಡೆ ಬರುವ ಬಾಲನ್ನೂ ಎಡಗಡೆಗೆ ಎಳೆದು ಹೊಡೆಯಬಹುದು. ಒಳ್ಳೆಯ ಬಾಲ್ ಬರುವ ತನಕ ಕಾಯಿ ಅಂದ. ಇದು ಕೇಳಲು ಸುಲಭ. ಆದರೆ ಬಾಲ್ ಪಿಚರ್‌ನ ಕೈ ಬಿಟ್ಟು ಅರ್ಧ ಸೆಕೆಂಡಿನೊಳಗೆ ಬಂದುಬಿಡುವಾಗ ಕಾಯೋದು ಅಂದರೆ ಸುಮ್ನೆ ಅಲ್ಲ.

ಪಾಠ ತಕ್ಷಣ ಫಲ ಕೊಡಲಿಲ್ಲ. 1947ರ ಮೇ ಮುಗಿಯುವ ಹೊತ್ತಿಗೆ ಕೈನರ್ ಹೊಡೆದದ್ದು 3 ಹೋಮ್ ರನ್. ಇವನನ್ನು ಸಣ್ಣ ಲೀಗ್‌ಗೆ ವಾಪಸ್ ಕಳಿಸೋಣ ಅಂತ ತಂಡದವರು ಯೋಚಿಸಿದಾಗ, ಬೇಡ, ಇರಲಿ ಅಂತ ಹಿಡಿದುಕೊಂಡವನು ಗ್ರೀನ್‌ಬರ್ಗ್. ಜೂನ್‌ನಿಂದ ಸೀಸನ್ ಮುಗಿಯುವ ತನಕ ಕೈನರ್ ಹೊಡೆದದ್ದು 48. ಸೆಪ್ಟೆಂಬರ್‌ನಲ್ಲಿ ಸತತ ನಾಲ್ಕು ಪಂದ್ಯಗಳಲ್ಲಿ 8! ಒಟ್ಟು 51. ಆ ವರ್ಷ ಪೈರೇಟ್ಸ್ ಪಟ್ಟಿಯ ಕೆಳತುದಿಯಲ್ಲೇ ಮುಗಿಸಿತು. ಆದರೂ ಆ ಊರಿನ ಮೈದಾನಕ್ಕೆ ಮೊದಲ ಬಾರಿಗೆ 10 ಲಕ್ಷಕ್ಕಿಂತ ಜಾಸ್ತಿ ಜನ ಬಂದರು.

ಮುಂದಿನ ಲೆಕ್ಕ ಇಷ್ಟು: 1948ರಲ್ಲಿ 40, 1949ರಲ್ಲಿ 54, 1950ರಲ್ಲಿ 47, 1951ರಲ್ಲಿ 42, 1952ರಲ್ಲಿ 37. ಏಳು ವರ್ಷಕ್ಕೆ 294. ನ್ಯಾಷನಲ್ ಲೀಗ್‌ನಲ್ಲಿ ಎರಡು ಸಲ 50 ದಾಟಿದ ಮೊದಲ ಆಟಗಾರ ಇವನೇ. ಪಂದ್ಯ ಸೋಲೋದು ಖಚಿತ ಆಗಿದ್ದರೂ ಕೈನರ್‌ನ ಕೊನೆಯ ಸರದಿ ಬರುವ ತನಕ ಜನ ಕೂತಿರುತ್ತಿದ್ದರು, ಅದು ಮುಗಿದ ಕೂಡಲೇ ಎದ್ದು ಮನೆಗೆ ಹೋಗುತ್ತಿದ್ದರು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಆಗಲೂ ಬಂದಿತ್ತು. ಬೇಲಿ ಹತ್ತಿರ ತಂದುಕೊಟ್ಟರೆ ಯಾರು ಬೇಕಾದರೂ ಹೊಡೆಯುತ್ತಾರೆ! ಗ್ರೀನ್‌ಬರ್ಗ್ ಹೋದ ಮೇಲೂ ಬೇಲಿ ಅಲ್ಲೇ ಇತ್ತು, ಹೆಸರು ಮಾತ್ರ ಕೈನರ್ಸ್ ಕಾರ್ನರ್ ಅಂತ ಬದಲಾಯಿತು. ಅದರಿಂದ ಅವನಿಗೆ ಸಹಾಯ ಆಗಿದ್ದು ನಿಜ, ಇಲ್ಲ ಅನ್ನಲು ಆಗೋದಿಲ್ಲ. ಆದರೆ ಆ ಕಾಲದ ಬೇರೆ ಮೈದಾನಗಳನ್ನೂ ನೋಡಬೇಕು. ಬಾಸ್ಟನ್‌ನ ಫೆನ್ವೇ ಪಾರ್ಕ್‌ನಲ್ಲಿ ಎಡಗಡೆಯ ಅಂಚು ಸುಮಾರು 315 ಅಡಿ, ಗೋಡೆ ಎತ್ತರ ಇದೆ ಅನ್ನೋದು ಬೇರೆ ಮಾತು. ಬ್ರೂಕ್ಲಿನ್‌ನ ಎಬೆಟ್ಸ್ ಫೀಲ್ಡ್‌ನಲ್ಲಿ ಬಲಗಡೆ 300 ಅಡಿಯೂ ಇರಲಿಲ್ಲ. ನ್ಯೂಯಾರ್ಕ್‌ನ ಪೋಲೋ ಗ್ರೌಂಡ್ಸ್‌ನಲ್ಲಂತೂ ಬಲಗಡೆಯ ಅಂಚು 260 ಅಡಿಗೂ ಕಡಿಮೆ. 1947 ಮತ್ತು 1948ರಲ್ಲಿ ಕೈನರ್ ಜೊತೆ ಮೊದಲ ಸ್ಥಾನ ಹಂಚಿಕೊಂಡ ಜಾನಿ ಮೈಜ್ ಆಡುತ್ತಿದ್ದದ್ದು ಅದೇ ಪೋಲೋ ಗ್ರೌಂಡ್ಸ್‌ನಲ್ಲಿ, ಅದೂ ಎಡಗೈ ಬ್ಯಾಟರ್ ಆಗಿ, ಅಂದರೆ ಆ ಹತ್ತಿರದ ಬೇಲಿ ಅವನ ಕೈಗೇ ಸಿಗುವಂತಿತ್ತು. ಅದನ್ನು ಯಾರೂ ಅಷ್ಟಾಗಿ ಎತ್ತಿ ಆಡಲಿಲ್ಲ. ಬೇಸ್‌ಬಾಲ್‌ನಲ್ಲಿ ಎಲ್ಲ ಮೈದಾನಕ್ಕೂ ಒಂದೇ ಅಳತೆ ಅಂತ ಇಲ್ಲವೇ ಇಲ್ಲ. ಕೈನರ್‌ನ 335 ಅಡಿ ಆ ಲೆಕ್ಕದಲ್ಲಿ ನಾಚಿಕೆಪಡುವಂಥದ್ದೇನೂ ಅಲ್ಲ. ಮತ್ತೆ ಅದೇ ಬೇಲಿ ಎದುರಾಳಿ ತಂಡದವರಿಗೂ ಅಷ್ಟೇ ದೂರದಲ್ಲಿತ್ತು, ಪೈರೇಟ್ಸ್‌ನ ಉಳಿದ ಆಟಗಾರರಿಗೂ ಇತ್ತು. ಅವರ್ಯಾರೂ 54 ಹೊಡೆಯಲಿಲ್ಲ.

ಈಗ ಅಸಲು ವಿಷಯಕ್ಕೆ ಬರೋಣ. 1952ರಲ್ಲಿ ಕೈನರ್ ಜೊತೆ 37ಕ್ಕೆ ನಿಂತವನು ಶಿಕಾಗೋ ಕಬ್ಸ್‌ನ ಹ್ಯಾಂಕ್ ಸಾವರ್. ಆ ವರ್ಷ ನ್ಯಾಷನಲ್ ಲೀಗ್‌ನ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಸಿಕ್ಕಿದ್ದು ಸಾವರ್‌ಗೆ. ಕೈನರ್‌ಗೆ ಸಿಕ್ಕಿದ್ದು ಸಂಬಳ ಕಡಿತ. ಯಾಕೆ ಹೀಗೆ? ಆಗ ಎಲ್ಲರೂ ನೋಡುತ್ತಿದ್ದದ್ದು ಎರಡು ಅಂಕಿಗಳನ್ನು.

ಒಂದು, ಆರ್‌ಬಿಐ. ಒಬ್ಬ ಬ್ಯಾಟರ್ ತನ್ನ ಹೊಡೆತದಿಂದ ಎಷ್ಟು ಜನರನ್ನು, ತನ್ನನ್ನೂ ಸೇರಿಸಿ, ಮನೆ ಮುಟ್ಟಿಸಿದ ಅನ್ನೋ ಲೆಕ್ಕ. ಸಾವರ್ 121, ಕೈನರ್ 87. ದೊಡ್ಡ ಅಂತರ ಅನ್ನಿಸುತ್ತದೆ. ಸ್ವಲ್ಪ ನಿಂತು ಯೋಚಿಸಿ. ಕೈನರ್‌ನ 87ರಲ್ಲಿ 37 ಅವನೇ. ಉಳಿದದ್ದು 50. ಮುಟ್ಟಿಸಲು ಬೇಸ್ ಮೇಲೆ ಯಾರಾದರೂ ನಿಂತಿರಬೇಕಲ್ಲ! 112 ಪಂದ್ಯ ಸೋತ ತಂಡದಲ್ಲಿ, ಇನ್ನೂ ಮೀಸೆ ಮೂಡದ ಹುಡುಗರನ್ನೆಲ್ಲ ರಿಕಿ ತಂದು ಆಡಿಸುತ್ತಿದ್ದ ವರ್ಷದಲ್ಲಿ, ಕೈನರ್ ಬ್ಯಾಟ್ ಹಿಡಿದು ಬಂದಾಗ ಬೇಸ್‌ಗಳು ಬಹುಪಾಲು ಖಾಲಿ. ಆರ್‌ಬಿಐ ಅನ್ನೋದು ಒಬ್ಬನ ಹೆಸರಿನಲ್ಲಿ ಬರೆದಿಟ್ಟ ಇಡೀ ತಂಡದ ಅಂಕಿ.

ಎರಡು, ಬ್ಯಾಟಿಂಗ್ ಸರಾಸರಿ. ಇದು ಕ್ರಿಕೆಟ್‌ನ ಸರಾಸರಿ ಅಲ್ಲ. ಸಾವಿರ ಸರದಿಗೆ ಎಷ್ಟು ಹಿಟ್, ಅಂದರೆ ಹೊಡೆದು ಬೇಸ್ ಸೇರಿದ್ದು ಎಷ್ಟು ಸಲ, ಅನ್ನೋದು. ಕೈನರ್‌ನದು ಆ ವರ್ಷ 0.244, ಅಂದರೆ ಸಾವಿರಕ್ಕೆ 244. ಸಾಧಾರಣಕ್ಕಿಂತ ಸ್ವಲ್ಪ ಕಡಿಮೆಯೇ. ಆದರೆ ಈ ಲೆಕ್ಕದಲ್ಲಿ ಒಂದು ದೊಡ್ಡ ತೂತು ಇದೆ, ಅದರ ಹೆಸರು ವಾಕ್. ಪಿಚರ್ ಸರಿಯಾದ ಜಾಗ ಬಿಟ್ಟು ಹೊರಗೆ ನಾಲ್ಕು ಬಾಲ್ ಎಸೆದರೆ, ಬ್ಯಾಟರ್ ಹೊಡೆಯದೆಯೇ ಆರಾಮಾಗಿ ನಡೆದು ಮೊದಲ ಬೇಸ್‌ಗೆ ಹೋಗುತ್ತಾನೆ. ಬ್ಯಾಟಿಂಗ್ ಸರಾಸರಿ ಇದನ್ನು ಲೆಕ್ಕಕ್ಕೇ ಹಿಡಿಯೋದಿಲ್ಲ. ಆ ಸರದಿ ನಡೆದೇ ಇಲ್ಲ ಅನ್ನೋ ಹಾಗೆ ಬಿಟ್ಟುಬಿಡುತ್ತದೆ. ಒಂಬತ್ತು ಇನಿಂಗ್ಸ್‌ನಲ್ಲಿ ಒಂದು ತಂಡಕ್ಕಿರೋದು 27 ಔಟ್. ಔಟ್ ಆಗದೆ ಬೇಸ್ ಸೇರಿದವನು ಹೊಡೆದು ಸೇರಿದನೋ ನಡೆದು ಸೇರಿದನೋ, ಆ 27ರಲ್ಲಿ ಒಂದನ್ನು ಉಳಿಸಿದ ಅಷ್ಟೇ. 1952ರಲ್ಲಿ ಕೈನರ್ 110 ವಾಕ್ ಪಡೆದ, ಲೀಗ್‌ನಲ್ಲೇ ಹೆಚ್ಚು. ಅದನ್ನೂ ಸೇರಿಸಿ ಲೆಕ್ಕ ಹಾಕಿದರೆ, ಅಂದರೆ ಆನ್‌ಬೇಸ್ ಲೆಕ್ಕದಲ್ಲಿ, ಅವನದು 0.384. ಸಾವಿರ ಸಲ ಬಂದರೆ 384 ಸಲ ಔಟ್ ಆಗದೆ ಉಳಿದ. ಈ ಲೆಕ್ಕದಲ್ಲಿ ಅವನು ಸಾವರ್‌ಗಿಂತ ಮುಂದೆ!

ಹಿಂದಿನ ವರ್ಷ, 1951ರಲ್ಲಿ, ಅವನ ಬ್ಯಾಟಿಂಗ್ ಸರಾಸರಿಯೇ 0.309, ವಾಕ್ 137, ಆನ್‌ಬೇಸ್ 0.452. ಅದು ಲೀಗ್‌ನಲ್ಲೇ ಮೊದಲು. ಆಗಲೂ ಪ್ರಶಸ್ತಿ ಬೇರೆಯವರಿಗೆ ಹೋಯಿತು. ಏಳು ವರ್ಷದಲ್ಲಿ ಒಂದು ಸಲವೂ ಅದು ಇವನಿಗೆ ಬರಲಿಲ್ಲ.

ನನಗೆ ತಮಾಷೆ ಅನ್ನಿಸೋದು ಇದು. ಈ ಆನ್‌ಬೇಸ್ ಲೆಕ್ಕ ಆ ಕಾಲದಲ್ಲಿ ಯಾರಿಗೂ ಗೊತ್ತಿರಲಿಲ್ಲ ಅಂತಿಲ್ಲ. ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವನು ಸ್ವತಃ ಬ್ರಾಂಚ್ ರಿಕಿ. ಬ್ರೂಕ್ಲಿನ್ ಡಾಜರ್ಸ್‌ನಲ್ಲಿದ್ದಾಗ ಅವನು ಆಲನ್ ರಾತ್ ಎಂಬ ಅಂಕಿಅಂಶ ತಜ್ಞನನ್ನು ಪೂರ್ಣಾವಧಿ ಕೆಲಸಕ್ಕೆ ಇಟ್ಟುಕೊಂಡಿದ್ದ. 1954ರಲ್ಲಿ, ಕೈನರ್‌ನನ್ನು ಮಾರಿದ ಮರುವರ್ಷ, ಒಂದು ದೊಡ್ಡ ಪತ್ರಿಕೆಯಲ್ಲಿ ರಿಕಿ ಲೇಖನ ಬರೆದ. ಬ್ಯಾಟಿಂಗ್ ಸರಾಸರಿ, ಆರ್‌ಬಿಐ ನಂಬಬೇಡಿ, ಬೇಸ್ ಸೇರೋದನ್ನೂ ದೊಡ್ಡ ಹೊಡೆತದ ಶಕ್ತಿಯನ್ನೂ ನೋಡಿ ಅನ್ನೋದು ಅದರ ತಿರುಳು. ಆ ಎರಡರಲ್ಲೂ ಗಟ್ಟಿ ಇದ್ದವನು ಯಾರು ಅಂತ ಬೇರೆ ಹೇಳಬೇಕಿಲ್ಲ.

ಹಾಗಾದರೆ ಗೊತ್ತಿದ್ದೂ ಯಾಕೆ ಮಾರಿದ? ರಿಕಿ ಸಾಮಾನ್ಯ ಮನುಷ್ಯ ಅಲ್ಲ. ಜಾಕಿ ರಾಬಿನ್‌ಸನ್ ಎಂಬ ಕಪ್ಪು ಆಟಗಾರನನ್ನು ಕರೆತಂದು ಮೇಜರ್ ಲೀಗ್‌ನ ಬಣ್ಣದ ಗೋಡೆ ಒಡೆದವನು. 1950ರ ಕೊನೆಯಲ್ಲಿ ಪಿಟ್ಸ್‌ಬರ್ಗ್‌ಗೆ ಬಂದಾಗ ತಂಡವನ್ನು ಬುಡದಿಂದ ಕಟ್ಟಬೇಕು ಅಂತ ನಿರ್ಧರಿಸಿದ್ದ. ಅದಕ್ಕೆ ಬೇಕಾದದ್ದು ಹಣ ಮತ್ತು ಹುಡುಗರು. ದುಬಾರಿ ಸಂಬಳದ ಕೈನರ್‌ನನ್ನು ಕೊಟ್ಟರೆ ಎರಡೂ ಸಿಗುತ್ತದೆ. ಇದು ತಪ್ಪು ಲೆಕ್ಕ ಅಂತ ನಾನು ಹೇಳೋದಿಲ್ಲ. ತೊಂದರೆ ಇದ್ದದ್ದು ಮಾಲೀಕ ಜಾನ್ ಗ್ಯಾಲ್‌ಬ್ರೆತ್‌ನನ್ನು ಒಪ್ಪಿಸೋದರಲ್ಲಿ, ಯಾಕೆಂದರೆ ಜನ ಬರುತ್ತಿದ್ದದ್ದೇ ಕೈನರ್‌ಗಾಗಿ. ಅದಕ್ಕೇ ರಿಕಿ ಮಾಲೀಕನಿಗೆ ಒಂದು ಉದ್ದನೆಯ ಪತ್ರ ಬರೆದು ಕೈನರ್‌ನನ್ನು ಬೇಬ್ ರೂತ್ ಪಕ್ಕದಲ್ಲಿ ನಿಲ್ಲಿಸಿದ. ರೂತ್ ಓಡಬಲ್ಲ, ಇವನು ಓಡಲಾರ. ರೂತ್ ಎಸೆಯಬಲ್ಲ, ಇವನು ಎಸೆಯಲಾರ. ಹೀಗೇ ಸಾಲುಸಾಲಾಗಿ ಬರೆದು, ರೂತ್ ತನಗಾಗಿ ಚಿಕ್ಕ ಮೈದಾನ ಕೇಳಿರಲಿಲ್ಲ ಅಂತಲೂ ಸೇರಿಸಿದ.

ಓಟ, ಎಸೆತದ ಮಾತು ನಿಜವೇ. ಕೈನರ್ ನಿಧಾನ, ಫೀಲ್ಡಿಂಗ್ ಸಾಧಾರಣ. ಆದರೆ ಮೈದಾನದ ಮಾತು? ಬೇಲಿ ಹಾಕಿದ್ದು ಗ್ರೀನ್‌ಬರ್ಗ್‌ಗಾಗಿ. ಮತ್ತೆ ರೂತ್ ಆಡುತ್ತಿದ್ದ ಯಾಂಕಿ ಸ್ಟೇಡಿಯಂನಲ್ಲಿ ಬಲಗಡೆಯ ಅಂಚು 300 ಅಡಿಗೂ ಕಡಿಮೆ ಇತ್ತು, ರೂತ್ ಎಡಗೈ ಬ್ಯಾಟರ್. ಅವನು ಕೇಳುವ ಅಗತ್ಯವೇ ಇರಲಿಲ್ಲ!

ಈಗಿನವರಿಗೆ ಒಂದು ಪ್ರಶ್ನೆ ಏಳಬಹುದು: ಸಂಬಳ ಇಳಿಸಿದರೆ ಕೈನರ್ ಬೇರೆ ತಂಡಕ್ಕೆ ಹೋಗಬಹುದಿತ್ತಲ್ಲ? ಹೋಗುವಂತಿರಲಿಲ್ಲ. ಆಗಿನ ಒಪ್ಪಂದಗಳಲ್ಲಿ ರಿಸರ್ವ್ ಕ್ಲಾಝ್ ಅಂತ ಒಂದು ಷರತ್ತು ಇರುತ್ತಿತ್ತು. ಒಪ್ಪಂದದ ಅವಧಿ ಮುಗಿದರೂ ಆಟಗಾರ ಅದೇ ತಂಡಕ್ಕೆ ಕಟ್ಟುಬಿದ್ದವನು. ತಂಡ ಅವನನ್ನು ಮಾರಬಹುದು, ಅವನು ತಂಡವನ್ನು ಬಿಡುವಂತಿಲ್ಲ. ಕೊಟ್ಟ ಸಂಬಳಕ್ಕೆ ಸಹಿ ಹಾಕಬೇಕು, ಇಲ್ಲವೇ ಆಟ ಬಿಟ್ಟು ಮನೆಯಲ್ಲಿ ಕೂರಬೇಕು. ಈ ಷರತ್ತು ಮುರಿದು ಬಿದ್ದದ್ದು 1970ರ ದಶಕದ ನಡುವೆ. ಕೈನರ್ ತನ್ನ ಕಾಲದಲ್ಲಿ ಆಟಗಾರರ ಪ್ರತಿನಿಧಿಯಾಗಿ ಮಾಲೀಕರ ಎದುರು ಕೂತು, ಅಲೀ ರೆನಾಲ್ಡ್ಸ್ ಎಂಬ ಇನ್ನೊಬ್ಬ ಆಟಗಾರನ ಜೊತೆ ಸೇರಿ ಪಿಂಚಣಿ ನಿಧಿಯನ್ನು ಗಟ್ಟಿ ಮಾಡಿಸಿದ. ಹೋಮ್ ರನ್‌ಗಳ ಸದ್ದಿನಲ್ಲಿ ಈ ಕೆಲಸ ಹೆಚ್ಚು ಜನಕ್ಕೆ ಗೊತ್ತಾಗಲಿಲ್ಲ.

1953ರ ಜೂನ್ 4ರಂದು ವ್ಯಾಪಾರ ಮುಗಿಯಿತು. ಕೈನರ್ ಮತ್ತು ಇನ್ನೂ ಮೂವರು ಶಿಕಾಗೋ ಕಬ್ಸ್‌ಗೆ, ಅಲ್ಲಿಂದ ಆರು ಆಟಗಾರರು ಮತ್ತು ದೊಡ್ಡ ಮೊತ್ತದ ಹಣ ಪಿಟ್ಸ್‌ಬರ್ಗ್‌ಗೆ. ಕಬ್ಸ್‌ನಲ್ಲಿ ಇವನ ಜೊತೆಗಾರ ಯಾರು ಗೊತ್ತಾ? ಅದೇ ಹ್ಯಾಂಕ್ ಸಾವರ್! ಎಡಗಡೆ ಒಬ್ಬ, ಬಲಗಡೆ ಒಬ್ಬ, ಇಬ್ಬರೂ ನಿಧಾನ. ನಡುವೆ ನಿಂತ ಫ್ರ್ಯಾಂಕ್ ಬಾಮ್‌ಹೋಲ್ಟ್ಸ್ ಎರಡೂ ಕಡೆ ಓಡಿ ಓಡಿ ಸುಸ್ತಾಗುತ್ತಿದ್ದ ಅಂತ ಇವತ್ತಿಗೂ ಜೋಕ್ ಹೇಳುತ್ತಾರೆ.

ಪಿಟ್ಸ್‌ಬರ್ಗ್‌ನಲ್ಲಿ ಏನಾಯಿತು? ರಿಕಿ ಹೇಳಿದ್ದೇ ಆಯಿತು. 1953ರಲ್ಲಿ ಕೊನೆಯ ಸ್ಥಾನ, 1954ರಲ್ಲಿ ಕೊನೆಯ ಸ್ಥಾನ, 1955ರಲ್ಲೂ ಅದೇ. ಬೇಲಿ ಕಿತ್ತು ಹಾಕಿದರು. 1948ರಲ್ಲಿ 15 ಲಕ್ಷ ಜನ ಬಂದಿದ್ದ ಮೈದಾನಕ್ಕೆ 1954ರಲ್ಲಿ 5 ಲಕ್ಷ ಜನವೂ ಬರಲಿಲ್ಲ. ಆದರೆ ರಿಕಿ ನೆಟ್ಟ ಗಿಡಗಳು ನಿಧಾನಕ್ಕೆ ಬೆಳೆದವು. ಅವನ ಕಾಲದಲ್ಲಿ ಬಂದ ರಾಬರ್ಟೋ ಕ್ಲೆಮೆಂಟೆ, ಬಿಲ್ ಮಝೆರೋಸ್ಕಿ, ಡಿಕ್ ಗ್ರೋಟ್ ಎಲ್ಲ ಸೇರಿ 1960ರಲ್ಲಿ ವರ್ಲ್ಡ್ ಸೀರೀಸ್, ಅಂದರೆ ಮೇಜರ್ ಲೀಗ್‌ನ ಫೈನಲ್ ಸರಣಿ, ಗೆದ್ದುಕೊಟ್ಟರು. ಗೆಲುವು ತಂದದ್ದು ಏಳನೇ ಪಂದ್ಯದ ಕೊನೆಯಲ್ಲಿ ಮಝೆರೋಸ್ಕಿ ಫೋರ್ಬ್ಸ್ ಫೀಲ್ಡ್‌ನ ಎಡಗಡೆಯ ಗೋಡೆ ದಾಟಿಸಿದ ಹೋಮ್ ರನ್. ಅಂದರೆ ಯೋಜನೆ ಸರಿ ಇತ್ತು, ಫಲ ಬರಲು ಏಳು ವರ್ಷ ಬೇಕಾಯಿತು ಅಷ್ಟೇ. ಅದಕ್ಕಾಗಿ ಕೈನರ್‌ನನ್ನು ಪ್ರಯೋಜನವಿಲ್ಲದವನು ಅಂತ ತೋರಿಸುವ ಅಗತ್ಯ ಇರಲಿಲ್ಲ. ದುಬಾರಿ, ಈಗ ಮಾರಿದರೆ ಲಾಭ ಅಂದಿದ್ದರೆ ಸಾಕಿತ್ತು.

ಕೈನರ್‌ನ ಬೆನ್ನು ಅಷ್ಟರಲ್ಲಿ ಕೈಕೊಡುತ್ತಿತ್ತು. 1953ರಲ್ಲಿ ಎರಡೂ ತಂಡ ಸೇರಿ 35, 1954ರಲ್ಲಿ 22, 1955ರಲ್ಲಿ ಕ್ಲೀವ್‌ಲ್ಯಾಂಡ್‌ಗೆ ಹೋಗಿ 18. ಅಲ್ಲಿ ಅವನನ್ನು ಕರೆಸಿಕೊಂಡ ಜನರಲ್ ಮ್ಯಾನೇಜರ್ ಹ್ಯಾಂಕ್ ಗ್ರೀನ್‌ಬರ್ಗ್! ಆ ವರ್ಷಕ್ಕೆ ಆಟ ಮುಗಿಯಿತು. ಹತ್ತು ಸೀಸನ್, 369 ಹೋಮ್ ರನ್. ಪ್ರತಿ 14.1 ಸರದಿಗೆ ಒಂದು. ನಿವೃತ್ತಿಯ ಹೊತ್ತಿಗೆ ಈ ದರದಲ್ಲಿ ಅವನಿಗಿಂತ ಮುಂದಿದ್ದವನು ಬೇಬ್ ರೂತ್ ಒಬ್ಬನೇ. ಒಟ್ಟು ಮೊತ್ತ ಮಾತ್ರ ಚಿಕ್ಕದಾಗಿ ಉಳಿಯಿತು. ಶುರುವಿನಲ್ಲಿ ಯುದ್ಧ ತಿಂದಿತು, ಕೊನೆಯಲ್ಲಿ ಬೆನ್ನು ತಿಂದಿತು.

1962ರಲ್ಲಿ ನ್ಯೂಯಾರ್ಕ್ ಮೆಟ್ಸ್ ಎಂಬ ಹೊಸ ತಂಡ ಹುಟ್ಟಿದಾಗ ಕೈನರ್‌ನನ್ನು ಕಾಮೆಂಟರಿಗೆ ಕರೆದರು. ಆ ವರ್ಷ ಮೆಟ್ಸ್ ಸೋತದ್ದು 120 ಪಂದ್ಯ. ಸೋಲಿನ ಅನುಭವ ನನಗೆ ಚೆನ್ನಾಗಿತ್ತು, ಅದಕ್ಕೇ ಕೆಲಸ ಸಿಕ್ಕಿತು ಅಂತ ಅವನೇ ತಮಾಷೆ ಮಾಡುತ್ತಿದ್ದ. 2013ರವರೆಗೂ ಮೈಕ್ ಹಿಂದೆ ಇದ್ದ. ಬಾಯಿ ತಪ್ಪಿ ಆಡಿದ ಮಾತುಗಳಿಗೂ ಅಷ್ಟೇ ಪ್ರಸಿದ್ಧ. ಅಪ್ಪಂದಿರ ದಿನ ಎಲ್ಲ ಅಪ್ಪಂದಿರಿಗೂ ಹುಟ್ಟುಹಬ್ಬದ ಶುಭಾಶಯ ಹೇಳಿದವನು ಇವನೇ. ತೀರಿಕೊಂಡದ್ದು 2014ರ ಫೆಬ್ರವರಿಯಲ್ಲಿ, 91ನೇ ವಯಸ್ಸಿನಲ್ಲಿ.

ಹಾಲ್ ಆಫ್ ಫೇಮ್, ಅಂದರೆ ಬೇಸ್‌ಬಾಲ್‌ನ ಶ್ರೇಷ್ಠರ ಗೌರವ ಪಟ್ಟಿಯ ವಿಷಯ ಉಳಿಯಿತು. ಅದಕ್ಕೆ ಪತ್ರಕರ್ತರು ಮತ ಹಾಕುತ್ತಾರೆ, ನೂರಕ್ಕೆ 75 ಮತ ಬೇಕು. ಆಗಿನ ನಿಯಮದಂತೆ ಇಷ್ಟು ವರ್ಷದೊಳಗೆ ಮಾತ್ರ ಅವಕಾಶ ಅಂತ ಮಿತಿ ಇತ್ತು. ಹತ್ತು ವರ್ಷದ ಚಿಕ್ಕ ಆಟ, ಸೋತ ತಂಡ, ಸಾಧಾರಣ ಫೀಲ್ಡಿಂಗ್, ಹತ್ತಿರದ ಬೇಲಿ, ಇದನ್ನೆಲ್ಲ ಹಿಡಿದುಕೊಂಡು ಮತ್ತೆ ಮತ್ತೆ ಅವನನ್ನು ಹೊರಗಿಟ್ಟರು. 1975ರದ್ದು ಕೊನೆಯ ಅವಕಾಶ. ಬಿದ್ದ 362 ಮತಗಳಲ್ಲಿ ಅವನಿಗೆ ಬೇಕಿದ್ದದ್ದು 272. ಸಿಕ್ಕಿದ್ದು 273.